ಹಸಿ ಇದ್ದಿಲು

ಹೊಟ್ಟೆಕಿಚ್ಚು ಹೊರಗಿನವರ ಮೇಲೆ ಬಂದರೆ ಅದಕ್ಕೂ ಒಂದು ಮರ್ಯಾದೆ ಇರುತ್ತದೆ. ದಾಯಾದಿಯ ಮೇಲೆ ಬರಲಿ, ಪಕ್ಕದ ಅಂಗಡಿಯವನ ಮೇಲೆ ಬರಲಿ, ನಾಲ್ಕು ಜನರ ಮುಂದೆ ತೋಡಿಕೊಂಡರೆ ‘ಹೌದಪ್ಪಾ, ನಮಗೂ ಹಾಗೇ’ ಅಂತ ತಲೆಯಾಡಿಸುತ್ತಾರೆ. ಕಟ್ಟಿಕೊಂಡ ಹೆಂಡತಿಯ ಮೇಲೆ ಬಂದರೆ ಯಾರ ಮುಂದೆ ಹೇಳೋದು? ಅದೂ ಅವಳು ಇನ್ನೊಬ್ಬನನ್ನು ಕಣ್ಣೆತ್ತಿ ನೋಡಿದಳು ಅಂತಲ್ಲ. ಆ ಪುಣ್ಯಾತ್ಗಿತ್ತಿ ದಿನವಿಡೀ ತಲೆ ಎತ್ತುತ್ತಿದ್ದದ್ದೇ ಜರಡಿ ಬದಲಿಸೋಕೆ. ಇದ್ದಿಲಣ್ಣನಿಗೆ ಹೊಟ್ಟೆಕಿಚ್ಚು ಬಂದದ್ದು ಅವಳ ಮೂಗಿನ ಮೇಲೆ. ನಗಬೇಡಿ, ಪೂರ್ತಿ ಕೇಳಿ.

ಧೂಪದ ಅಂಗಡಿ ಅವನ ಅಪ್ಪನದು, ಅಪ್ಪನಿಗೆ ಅವರಪ್ಪನಿಂದ ಬಂದದ್ದು. ಮುಂದೆ ಗಾಜಿನ ಭರಣಿಗಳ ಸಾಲು, ಹಿಂದೆ ಎರಡು ಕೋಣೆ. ಒಂದರಲ್ಲಿ ಧೂಪ, ಇನ್ನೊಂದರಲ್ಲಿ ಇದ್ದಿಲು. ಮಹಡಿ ಮೇಲೆ ಮನೆ. ಮರದ ತೊಗಟೆಗೆ ಕಚ್ಚು ಹಾಕಿದರೆ ಅಂಟು ಒಸರುತ್ತದಲ್ಲ, ಅದು ಬಿಸಿಲಿಗೆ ಒಣಗಿ ಹರಳುಗಟ್ಟಿ ಮೂಟೆಗಳಲ್ಲಿ ಬರುತ್ತಿತ್ತು. ಹಾಲುಬಣ್ಣದ್ದು, ಜೇನುಬಣ್ಣದ್ದು, ಬೆಲ್ಲದ ಪುಡಿಯಂಥದ್ದು. ಅದನ್ನು ಆರಿಸಿ, ಮೈಗೆ ಅಂಟಿಕೊಂಡ ತೊಗಟೆಯ ಚೂರು ಕೆರೆದು ತೆಗೆದು, ಕುಟ್ಟಿ, ಜರಡಿ ಹಿಡಿದು, ಯಾವುದಕ್ಕೆ ಯಾವುದು ಎಷ್ಟು ಸೇರಬೇಕು ಅಂತ ಹದ ಕೂಡಿಸುವುದು ಕಸುಬು. ಹುಟ್ಟಿದ ಮಗುವಿನ ಕೋಣೆಗೊಂದು ಹದ, ಕಾಯಿಲೆಯವರ ಮಂಚದ ಬಳಿಗೊಂದು, ಸಾವಿನ ಮನೆಗೊಂದು. ಎಲ್ಲಕ್ಕಿಂತ ಮೇಲಿನದು ಬೀದಿಯ ಕೊನೆಗಿದ್ದ ಪ್ರಾರ್ಥನಾ ಮಂದಿರದ್ದು. “ನಮ್ಮ ಮಾತಿಗೆ ಅಷ್ಟು ದೂರ ಹೋಗೋ ತ್ರಾಣ ಇಲ್ಲ. ಅದಕ್ಕೇ ಹೊಗೆಯ ಬೆನ್ನ ಮೇಲೆ ಕೂರಿಸಿ ಕಳಿಸ್ತೀವಿ,” ಅಂತ ಅಪ್ಪ ಹೇಳುತ್ತಿದ್ದರು. ಆ ಹೊಗೆ ಎಬ್ಬಿಸುವವರಿಗೆ ಮಂದಿರದಲ್ಲಿ ‘ಧೂಪದವರು’ ಅಂತ ಹೆಸರು. ಅಪ್ಪ ಧೂಪದಾನಿ ಹಿಡಿದು ಒಳಗೆ ಬಂದರೆ ಕೂತಿದ್ದ ಹಿರಿಯರೂ ಎದ್ದು ನಿಲ್ಲುತ್ತಿದ್ದರು. ಇದ್ದಿಲಣ್ಣನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ. ತಾನು ಒಳಗೆ ಬಂದಾಗ ಜನ ಹಾಗೆ ಎದ್ದು ನಿಲ್ಲಬೇಕು, ಅಪ್ಪ ಅದನ್ನು ನೋಡಬೇಕು.

ಅವನ ಪಾಲಿಗೆ ಬಂದದ್ದು ಹಿಂದಿನ ಎರಡನೇ ಕೋಣೆ. ಚಿಕ್ಕವನಿದ್ದಾಗ ಅಪ್ಪ ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಹೊಗೆ ಹಿಡಿಸಿದ ಮಣ್ಣಿನ ಬಟ್ಟಲುಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ‘ಇದ್ಯಾವುದು? ಇದು?’ ಅಂತ ಕೇಳಿದ್ದರು. ಹೇಳಿದ್ದೆಲ್ಲ ತಪ್ಪು. ಕೊನೆಯ ಬಟ್ಟಲಿಗೆ ಹೊಗೆಯನ್ನೇ ಹಿಡಿಸಿರಲಿಲ್ಲ, ಅದಕ್ಕೂ ಅವನು ಧೈರ್ಯವಾಗಿ ಒಂದು ಹೆಸರು ಹೇಳಿದ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಕಣ್ಣಿನ ಬಟ್ಟೆ ಬಿಚ್ಚಿ, “ನೀನು ಕೆಂಡ ನೋಡ್ಕೋ,” ಅಂದರು, ಅಷ್ಟೆ.

ಅವತ್ತಿನಿಂದ ಕೆಂಡ ನೋಡಿಕೊಂಡೇ ಬಂದ. ಇದ್ದಿಲು ಸುಡುವವರು ತಂದು ಸುರಿದ ರಾಶಿಯಿಂದ ಒಂದೊಂದೇ ತುಂಡು ಎತ್ತಿ ಕಬ್ಬಿಣದ ಸರಳಿಗೆ ಬಡಿದು ಕಿವಿಗೊಡುವುದು. ಪೂರ್ತಿ ಬೆಂದದ್ದು ‘ಟಿಣ್’ ಅನ್ನುತ್ತದೆ. ಒಳಗೆ ಇನ್ನೂ ಕಟ್ಟಿಗೆಯಾಗೇ ಉಳಿದದ್ದು ‘ದಬ್’ ಅನ್ನುತ್ತದೆ. ಕಣ್ಣಿಗೆ ಎರಡೂ ಒಂದೇ ಕಪ್ಪು. ಆ ‘ದಬ್’ ಅನ್ನುವ ಹಸಿ ಇದ್ದಿಲು ಸ್ನಾನದ ನೀರು ಕಾಯಿಸೋಕೆ ಸರಿ. ಧೂಪಕ್ಕೆ ಹಾಕಿದರೆ ಒಳಗಿನ ಕಟ್ಟಿಗೆ ಹೊಗೆಯಾಡಿ ಧೂಪವನ್ನೇ ನುಂಗಿಹಾಕುತ್ತದೆ. ಅವನ ಕೈಯಿಂದ ಒಂದು ದಿನವೂ ಹಸಿ ಇದ್ದಿಲು ಹೋದದ್ದಿಲ್ಲ, ಅದಕ್ಕೆ ಯಾರೂ ಒಂದು ದಿನವೂ ಹೊಗಳಿದ್ದೂ ಇಲ್ಲ. ಸರಿಯಾಗಿ ಉಸಿರಾಡಿದ್ದಕ್ಕೆ ಯಾರಾದರೂ ಶಾಭಾಸ್ ಅಂತಾರಾ? ಬೀದಿಯವರು ಇಟ್ಟ ಹೆಸರೊಂದು ಸಿಕ್ಕಿತು, ಇದ್ದಿಲಣ್ಣ.

ಮದುವೆಯಾಯಿತು. ಹುಡುಗಿ ಬೇಕರಿಯವನ ಮಗಳು. ಚೂಟಿ, ಮಾತುಗಾತಿ, ನಗುತ್ತಾ ಓಡಾಡುವವಳು. ಹೊಸದರಲ್ಲಿ ಎಲ್ಲ ಚೆನ್ನಾಗೇ ಇತ್ತು. ಗಂಡನ ಕರಿ ಕೈ ನೋಡಿ “ನಮ್ಮಪ್ಪಂದು ಬಿಳಿ ಹಿಟ್ಟಿನ ಕೈ, ನಿಮ್ಮದು ಮಸಿ ಕೈ, ನನ್ನ ಹಣೇಲಿ ತೊಳೆಯೋದೇ ಬರೆದಿದೆ,” ಅಂತ ತಮಾಷೆ ಮಾಡುತ್ತಿದ್ದಳು. ಅವನಿಗೂ ಅದು ಹಿತವಾಗಿತ್ತು. ಒಂದು ದಿನ ಮಾವನಿಗೆ ಚಹಾ ಕೊಡೋಕೆ ಧೂಪದ ಕೋಣೆಗೆ ಬಂದವಳು ಲೋಟ ಹಿಡಿದುಕೊಂಡೇ ಮೂಟೆಯ ಬಳಿ ನಿಂತಳು.

“ಮಾವ, ಇದರಲ್ಲಿ ಎರಡು ಬಗೆ ಇದೆ ಅಲ್ವಾ? ಒಂದು ನಿಂಬೆಸಿಪ್ಪೆ ಥರ. ಇನ್ನೊಂದು ಹಳೇ ಪೆಟ್ಟಿಗೆ ಮುಚ್ಚಳ ತೆಗೆದ ಥರ.”

ಅಪ್ಪ ಆ ಮೂಟೆಯನ್ನು ಒಂದೇ ಬಗೆ ಅಂತ ತೆಗೆದುಕೊಂಡಿದ್ದರು. ಹದ ಯಾಕೆ ಕೂಡುತ್ತಿಲ್ಲ ಅಂತ ಆ ವಾರವೆಲ್ಲ ತಲೆ ಕೆಡಿಸಿಕೊಂಡಿದ್ದರು. ಚಹಾ ಆರಿಹೋಯಿತು. ಒಂದು ಹರಳು ಎತ್ತಿ ಅವಳ ಅಂಗೈಗೆ ಹಾಕಿ “ಜಗಿ,” ಅಂದರು. ಜಗಿದಳು. “ಮೊದಲು ಕಹಿ, ಆಮೇಲೆ ತಂಪು, ಕೊನೆಗೆ ಹಲ್ಲಿಗೆ ಅಂಟುತ್ತೆ,” ಅಂದಳು. ಅಪ್ಪ ಅವಸರ ಅವಸರವಾಗಿ ಅಟ್ಟದಿಂದ ಮಣ್ಣಿನ ಬಟ್ಟಲುಗಳನ್ನು ಇಳಿಸಿ ಹೊಗೆ ಹಿಡಿಸಿದರು. ಇದ್ದಿಲಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಹೇಳಿದ್ದೆಲ್ಲ ಸರಿ. ಖಾಲಿ ಬಟ್ಟಲು ಬಂದಾಗ ನಕ್ಕು, “ಇದರಲ್ಲೇನಿದೆ, ಬರೀ ಮಣ್ಣು,” ಅಂದಳು.

“ಮಗಳೇ!” ಅಂದರು ಅಪ್ಪ.

ಅಪ್ಪ ಅವನನ್ನು ಕರೆಯುತ್ತಿದ್ದದ್ದು ‘ಲೋ’ ಅಂತ. ಹುಟ್ಟಿದಾಗಿನಿಂದ ಲೋ. ಅವಳು ಬಂದು ವರ್ಷವಾಗಿಲ್ಲ, ಮಗಳಾಗಿಬಿಟ್ಟಳು.

ಅಲ್ಲಿಂದ ಶುರು ನೋಡಿ. ಊಟಕ್ಕೆ ಕೂತರೆ ಮಾವ ಸೊಸೆಯದೇ ಮಾತು. ಜೇನುಬಣ್ಣದ್ದು ಬೇಗ ಕರಗುತ್ತೆ, ಹಾಲುಬಣ್ಣದ್ದು ತಡವಾಗಿ ಬಿಚ್ಚಿಕೊಳ್ಳುತ್ತೆ, ಸಾವಿನ ಮನೆಗೆ ಕಂದು ಬಣ್ಣದ್ದು ಇನ್ನೊಂದು ಚಿಟಿಕೆ ಇರಲಿ. ಇವನು ಉಪ್ಪು ಕೇಳಿದರೆ ಇಬ್ಬರಿಗೂ ಕೇಳಿಸದು. ಎದ್ದು ತಾನೇ ಹೋಗಿ ತಂದುಕೊಂಡು, ಸಿಟ್ಟಿಗೆ ಇಷ್ಟಿಷ್ಟು ಹಾಕಿಕೊಂಡು, ಬಾಯಿ ಉಪ್ಪಾಗಿ, ಅದನ್ನೇ ನುಂಗುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ತನ್ನ ಹಣೆಬರಹವೂ ಅದೇ ಅಂದುಕೊಳ್ಳುತ್ತಿದ್ದ. ಆದರೆ ಮನಸ್ಸಿನ ಮೂಲೆಯಲ್ಲಿ ಅವನಿಗೂ ಗೊತ್ತಿತ್ತು, ತಾನು ಮದ್ದಿನ ಗಿಡವೇ ಅಲ್ಲ ಅಂತ. ಉರಿಯುತ್ತಿದ್ದದ್ದು ಅದಕ್ಕೇ.

ಹತ್ತಿರದ ಬೀದಿಯ ಶಾಲೆ ಮೇಷ್ಟರು ತೀರಿಕೊಂಡಾಗ ಅಪ್ಪನಿಗೆ ಮೈ ಸರಿಯಿರಲಿಲ್ಲ. ಸೊಸೆಯನ್ನು ಕಳಿಸಿದರು. ಕೆಂಡದ ಬುಟ್ಟಿ ಹೊತ್ತು ಇದ್ದಿಲಣ್ಣ ಹಿಂದೆ ಹೋದ. ಮೇಷ್ಟರ ಹೆಂಡತಿ ಗಂಡ ಹೋದಾಗಿನಿಂದ ಅತ್ತಿರಲಿಲ್ಲವಂತೆ. ಗೋಡೆ ನೋಡುತ್ತ ಕಲ್ಲಿನ ಹಾಗೆ ಕೂತಿದ್ದರು. ಸೊಸೆ ಕೋಣೆಯ ಒಳಗೆ ಹೋದವಳು ಸುಮ್ಮನೆ ನಿಂತು ಆ ಮನೆಯ ಗಾಳಿಯನ್ನು ಎಳೆದುಕೊಂಡಳು. ಪುಸ್ತಕದ ಧೂಳು, ಔಷಧಿ, ಮೇಷ್ಟರು ಹಚ್ಚುತ್ತಿದ್ದ ತಲೆಯೆಣ್ಣೆ. ಆಮೇಲೆ ತಂದ ಹದಕ್ಕೆ ಅಲ್ಲೇ ಏನೋ ಒಂದಿಷ್ಟು ಸೇರಿಸಿ ಕೆಂಡದ ಮೇಲೆ ಉದುರಿಸಿದಳು. ಹೊಗೆ ಮೆಲ್ಲಗೆ ಮಂಚದ ಸುತ್ತ ಹರಡಿತು. ಆ ಹೆಂಗಸು ಒಮ್ಮೆ ಉಸಿರೆಳೆದುಕೊಂಡು, ಗಂಡನ ಕಾಲು ಹಿಡಿದು, ಹೋ ಅಂತ ಅತ್ತುಬಿಟ್ಟರು. ಸೇರಿದ್ದವರೆಲ್ಲ ಕಣ್ಣೊರೆಸಿಕೊಂಡರು. “ಪುಣ್ಯ ಬರಲಿ ತಾಯಿ,” ಅಂತ ಒಬ್ಬರು ಇವಳಿಗೆ ಕೈ ಮುಗಿದರು. ಕೆಂಡದ ಬುಟ್ಟಿಯ ಪಕ್ಕದಲ್ಲಿ ನಿಂತವನಿಗೆ ಯಾರೋ “ಸ್ವಲ್ಪ ಆ ಕಡೆ ಸರೀರಪ್ಪ,” ಅಂದರು.

ಸಾವಿನ ಮನೆಯಲ್ಲಿ ಹೊಟ್ಟೆ ಉರಿದುಕೊಂಡವನನ್ನು ಏನಂತ ಕರೆಯೋದು ಹೇಳಿ. ಅವನಿಗೂ ನಾಚಿಕೆಯಾಯಿತು. ನಾಚಿಕೆಯಾದರೆ ಉರಿ ಕಮ್ಮಿಯಾಗುತ್ತದಾ? ಇನ್ನಷ್ಟು ಹೆಚ್ಚಾಯಿತು.

ಒಂದು ಮಧ್ಯಾಹ್ನ ಇಬ್ಬರೂ ಹೊರಗೆ ಹೋದಾಗ ತಾನೂ ಒಂದು ಕೈ ನೋಡೇಬಿಡೋಣ ಅಂತ ಭರಣಿಗಳ ಮುಚ್ಚಳ ತೆಗೆದ. ಅವಳು ಚಿಟಿಕೆ ಹಾಕುವ ಕಡೆ ಇವನು ಹಿಡಿ ಹಾಕಿದ. ಕೆಂಡಕ್ಕೆ ಉದುರಿಸಿ, ಕಣ್ಣು ಮುಚ್ಚಿ, ಉಸಿರೆಳೆದ. ಅವನ ಮೂಗಿಗೆ ಚೆನ್ನಾಗೇ ಇದ್ದ ಹಾಗಿತ್ತು. ಪಕ್ಕದ ಅಂಗಡಿಯ ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಓಡಿಬಂದ. “ಏನಯ್ಯಾ, ಯಾರದು ಚಪ್ಪಲಿ ಸುಡ್ತಿದೀಯ?”

ಇವನು ಧೂಪದಾನಿಗೆ ನೀರು ಸುರಿದ. ದರ್ಜಿ ಸುಮ್ಮನೆ ಹೋಗುವ ಪೈಕಿಯಲ್ಲ. “ಬೀದಿಯವರೆಲ್ಲ ಧೂಪದಮ್ಮ, ಧೂಪದಮ್ಮ ಅಂತಾರಪ್ಪ. ಮೂಗಿಗಿಂತ ಮೂಗುತಿ ಭಾರ ಆಗಿದೆ ನಿಮ್ಮ ಮನೇಲಿ,” ಅಂತ ನಗುತ್ತ ಹೋದ. ಉರಿಯೋ ಬೆಂಕಿಗೆ ತುಪ್ಪ ಸುರಿಯೋಕೆ ಇಂಥವರು ಎಲ್ಲ ಬೀದಿಯಲ್ಲೂ ಒಬ್ಬೊಬ್ಬರು ಇರುತ್ತಾರೆ.

ಮಂದಿರದ ಚಾವಣಿ ರಿಪೇರಿಗೆ ಅಂತ ಬಾಗಿಲು ಹಾಕಿ ಬಹಳ ದಿನವಾಗಿತ್ತು. ಕೆಲಸ ಮುಗಿದು ಮತ್ತೆ ತೆರೆಯುವ ದಿನ ಗೊತ್ತಾಯಿತು. ಹಿರಿಯರು ಅಂಗಡಿಗೇ ಬಂದರು. ಅಪ್ಪನ ಕೈ ಆಗಲೇ ನಡುಗೋಕೆ ಶುರುವಾಗಿತ್ತು, ಧೂಪದಾನಿ ಹಿಡಿದರೆ ಸರಪಳಿ ಗಲಗಲ ಅನ್ನುತ್ತಿತ್ತು.

“ಇನ್ನು ಯಾರು?” ಅಂತ ಕೇಳಿದರು ಹಿರಿಯರು.

ಇದ್ದಿಲಣ್ಣ ಒಳಗಿನ ಕೋಣೆಯಲ್ಲಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟ.

“ಸೊಸೆ,” ಅಂದರು ಅಪ್ಪ, ಅರೆಕ್ಷಣವೂ ಯೋಚಿಸದೆ. “ತೆರೆಯೋ ದಿನ ಅವಳೇ ಧೂಪ ಹಾಕ್ತಾಳೆ. ನಿಮಗೆಲ್ಲ ಒಪ್ಪಿಗೆಯಾದರೆ ಅವತ್ತಿನಿಂದ ಅವಳೇ ಧೂಪದವಳು.”

“ಮಗ ಇದಾನಲ್ಲ?”

“ಅವನು ಕೆಂಡ ನೋಡ್ಕೋತಾನೆ.”

ಅಷ್ಟೆ. ಮುಂದೆ ಚಹಾದ ಮಾತು, ಚಾವಣಿಯ ಮಾತು. ಇದ್ದಿಲಣ್ಣ ಕೈಯಲ್ಲಿದ್ದ ತುಂಡನ್ನು ಸರಳಿಗೆ ಎಷ್ಟು ಜೋರಾಗಿ ಬಡಿದನೆಂದರೆ ಅದು ಪುಡಿಯಾಯಿತು. ಹೆಂಡತಿ ಓಡಿಬಂದು, ಕಣ್ಣು ಅಗಲಿಸಿ, “ಕೇಳಿಸ್ತಾ ರೀ? ನನಗೆ ಕೈಕಾಲೇ ಆಡ್ತಿಲ್ಲ,” ಅಂದಳು. “ಕೇಳಿಸ್ತು,” ಅಂದ. “ನಿಮಗೆ ಸಂತೋಷ ಆಗ್ಲಿಲ್ವಾ?” “ಆಯ್ತು.” ಆ ಎರಡು ಅಕ್ಷರ ಹೇಳೋಕೆ ಅವನಿಗೆ ಒಂದು ಮೂಟೆ ಹೊತ್ತಷ್ಟು ಆಯಾಸವಾಯಿತು.

ಅವಳು ಆ ಹದಕ್ಕೆ ಪಟ್ಟ ಪಾಡು ಅವನ ಕಣ್ಣ ಮುಂದೆಯೇ ಇತ್ತು. ಬೆಳಕು ಬೀಳುವ ಕಿಟಕಿಯ ಬಳಿ ಬಿಳಿ ಬಟ್ಟೆ ಹಾಸಿ, ಹರಳನ್ನು ಒಂದೊಂದಾಗಿ ಹೊರಳಿಸಿ, ಉಗುರಿನಿಂದ ತೊಗಟೆ ಕೆರೆದಳು. ಉಗುರು ಸವೆದು ಬೆರಳ ತುದಿ ಕೆಂಪಾಯಿತು. ಸೋಪು ಬಿಟ್ಟಳು, ತಲೆಗೆ ಎಣ್ಣೆ ಬಿಟ್ಟಳು, ಬೆಳ್ಳುಳ್ಳಿ ಬಿಟ್ಟಳು. ಮೂಗು ಕೆಡಬಾರದಂತೆ. ರಾಣಿಯ ಮೂಗು ನೋಡಿ! ಅಂತ ಅವನು ಹಲ್ಲು ಕಡಿದ. ಅವಳು ಚೆನ್ನಾಗಿ ಮಾಡುತ್ತಾಳೆ ಅನ್ನೋದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಇದ್ದಿದ್ದರೆ ಅವತ್ತು ಆದದ್ದು ಆಗುತ್ತಿರಲಿಲ್ಲ.

ತೆರೆಯುವ ದಿನ ಬೆಳಿಗ್ಗೆ ಕೆಂಡದ ಒಲೆಯ ಮುಂದೆ ಕೂತ. ಒಂದು ಕಡೆ ಬಡಿದು ಆರಿಸಿದ ಒಳ್ಳೇ ಇದ್ದಿಲು, ಇನ್ನೊಂದು ಕಡೆ ಸ್ನಾನದೊಲೆಗೆ ಅಂತ ಎಸೆದ ಹಸಿ ಇದ್ದಿಲು. ಅವನ ಕೈ ಎರಡನೇ ರಾಶಿಗೆ ಹೋಯಿತು. ಏನೋ ತಪ್ಪಿ ಹೋಯಿತು ಅಂತ ನಾನು ಹೇಳೋದಿಲ್ಲ. ಒಂದೊಂದನ್ನೂ ಬಡಿದು, ‘ದಬ್’ ಅನ್ನುವುದನ್ನೇ ಖಾತ್ರಿ ಮಾಡಿಕೊಂಡು ಒಲೆಗಿಟ್ಟ. ಹೊರಮೈ ಕೆಂಪಾಗಿ, ಮೇಲೆ ಬೂದಿ ಕೂಡುವವರೆಗೆ ಊದಿ, ಧೂಪದಾನಿಗೆ ಜೋಡಿಸಿದ. ನೋಡೋಕೆ ಚಿನ್ನದಂಥ ಕೆಂಡ. ಹೊಟ್ಟೆಯಲ್ಲಿ ಮಾತ್ರ ಕಟ್ಟಿಗೆ.

ಹೆಂಡತಿ ಒಗೆದ ಬಟ್ಟೆ ಉಟ್ಟು ಬಂದು ಕೈ ಚಾಚಿದಳು. “ನನ್ನ ಎದೆ ಹೊಡ್ಕೋತಿದೆ ರೀ. ನೀವು ಹಿಂದೇನೇ ಇರಿ, ಆಯ್ತಾ?”

“ಇರ್ತೀನಿ ನಡಿ,” ಅಂದ.

ಮಂದಿರ ತುಂಬಿತ್ತು. ಹೊಸ ಸುಣ್ಣದ ವಾಸನೆ, ಹೊಸ ಮರದ ವಾಸನೆ. ಅವಳು ಧೂಪದಾನಿ ಹಿಡಿದು ಬಾಗಿಲಿಗೆ ಬಂದಾಗ ಹಿರಿಯರು ಎದ್ದರು. ಅವರ ಹಿಂದೆ ಸಾಲು ಸಾಲಾಗಿ ಎಲ್ಲರೂ ಎದ್ದರು. ಕಂಬದ ಮರೆಯಲ್ಲಿ ನಿಂತಿದ್ದ ಇದ್ದಿಲಣ್ಣನ ಕಣ್ಣು ಉರಿಯಿತು. ಅವಳು ಹದವನ್ನು ಕೆಂಡದ ಮೇಲೆ ಉದುರಿಸಿದಳು. ಮೊದಲ ಎಳೆ ಎದ್ದಿತು ನೋಡಿ, ಏನು ಹೇಳಲಿ, ದರ್ಜಿಯಂಥ ದರ್ಜಿ ಕಣ್ಣು ಮುಚ್ಚಿದ. ಯಾರೋ ಒಬ್ಬ ಮುದುಕಿ ತುಟಿಯಲ್ಲೇ ಪ್ರಾರ್ಥನೆ ಶುರು ಮಾಡಿದಳು. ಅಪ್ಪ ಮೊದಲ ಸಾಲಿನಲ್ಲಿ ಗದ್ದ ಮೇಲೆತ್ತಿ ನಿಂತಿದ್ದರು. ಆ ಒಂದು ಕ್ಷಣ ಇದ್ದಿಲಣ್ಣ ತಾನು ಮಾಡಿದ್ದನ್ನೇ ಮರೆತು ಹೊಟ್ಟೆ ಉರಿದುಕೊಂಡ.

ಆಮೇಲೆ ಒಳಗಿನ ಕಟ್ಟಿಗೆಗೆ ಬೆಂಕಿ ತಾಗಿತು.

ಹೊಗೆ ಕಪ್ಪಗಾಯಿತು, ದಪ್ಪಗಾಯಿತು. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಒಂದು ಸಾಲು ಪೂರ್ತಿ. ಮಕ್ಕಳು ಅಳೋಕೆ ಶುರು ಮಾಡಿದವು. ಮುದುಕಿಯ ಪ್ರಾರ್ಥನೆ ಗಂಟಲಲ್ಲೇ ನಿಂತಿತು. ಹಿರಿಯರು ಮೂಗಿಗೆ ಬಟ್ಟೆ ಹಿಡಿದು ಕಿಟಕಿ ತೆಗೆಯಿರಿ ಅಂತ ಸನ್ನೆ ಮಾಡಿದರು. ಹೊಸ ಗೋಡೆಯ ಮೇಲೆ ಮಸಿ ಕೂತಿತು. ಅವಳು ನಡು ದಾರಿಯಲ್ಲಿ ನಿಂತುಬಿಟ್ಟಳು. ಮುಖ ಬಿಳುಚಿಕೊಂಡು, ಧೂಪದಾನಿಯ ಮುಚ್ಚಳ ಹಾಕಿ, ಎಲ್ಲರ ಮುಂದೆ ತಲೆ ತಗ್ಗಿಸಿದಳು.

ಅಪ್ಪ ಮುಂದೆ ಬಂದರು. “ತಪ್ಪು ನಮ್ಮದು. ತೊಗಟೆ ಸುಟ್ಟ ವಾಸನೆ ಇದು. ಹರಳಲ್ಲಿ ತೊಗಟೆ ಉಳಿದುಬಿಟ್ಟಿದೆ.”

“ಕಟ್ಟಿಗೆ ಹೊಗೆ ಇದ್ದಂಗಿದೆ,” ಅಂದ ದರ್ಜಿ ಹಿಂದಿನಿಂದ. “ಇದ್ದಿಲು ಹಸಿ ಇತ್ತೇನೋ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ ಇದ್ದಿಲಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅಪ್ಪ ಮಾತ್ರ ದರ್ಜಿಯ ಕಡೆ ತಿರುಗಿ ಗದರಿದರು.

“ಇದ್ದಿಲಾ? ನನ್ನ ಮಗನ ಇದ್ದಿಲಾ? ನನ್ನ ಮೂಗು ತಪ್ಪಬಹುದು, ನನ್ನ ಸೊಸೆಯ ಮೂಗು ತಪ್ಪಬಹುದು. ಅವನ ಕಿವಿ ತಪ್ಪಲ್ಲ. ಇಷ್ಟು ವರ್ಷ ನೀವೆಲ್ಲ ನನ್ನ ನೋಡಿ ಎದ್ದು ನಿಂತಿರಲ್ಲ, ಅದರಲ್ಲಿ ಅರ್ಧ ಅವನಿಗೆ ಸೇರಬೇಕಾದ್ದು. ಅವನ ಕೆಂಡ ಇಲ್ಲದಿದ್ದರೆ ನಾನು ಬರೀ ಅಂಟು ಮಾರೋನು.”

ಹುಟ್ಟಿದಾಗಿನಿಂದ ಕಾಯುತ್ತಿದ್ದ ಮಾತು! ತುಂಬಿದ ಮಂದಿರದಲ್ಲಿ, ಹಿರಿಯರ ಮುಂದೆ, ಅಪ್ಪನ ಬಾಯಿಂದ. ಬಿಸಿ ತುಪ್ಪ ಬಾಯಿಗೆ ಬಿದ್ದವನ ಹಾಗಾಯಿತು. ನುಂಗೋಕೂ ಆಗದು, ಉಗುಳೋಕೂ ಆಗದು. ಜನ ತಿರುಗಿ ಅವನ ಮುಖ ನೋಡಿದರು. ಅವನು ಕಂಬ ನೋಡಿದ.

ಮನೆಗೆ ಬಂದರು. ನೇರ ಧೂಪದ ಕೋಣೆಗೆ ಹೋದರು. ಅವಳು ಧೂಪದಾನಿಯನ್ನು ಮೂಲೆಗಿಟ್ಟು, ಉಳಿದ ಹದದ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಸುರಿದಳು. ಮೊಣಕಾಲೂರಿ ಬೆರಳಲ್ಲಿ ಕೆದಕಿ ಕೆದಕಿ ನೋಡಿದಳು. ಬಹಳ ಹೊತ್ತಾದ ಮೇಲೆ ಎಳ್ಳಿಗಿಂತ ಚಿಕ್ಕ ಒಂದು ಕಂದು ಚೂರು ಸಿಕ್ಕಿತು. “ನೋಡಿ ಮಾವ. ಇದೇ. ತೊಗಟೆ.”

“ಒಂದಿದ್ದರೆ ಇನ್ನಷ್ಟಿರುತ್ತೆ,” ಅಂದರು ಅಪ್ಪ, ಸೋತ ದನಿಯಲ್ಲಿ.

ಅವಳು ಅಂಗೈಯಿಂದ ಮೂಗನ್ನು ಉಜ್ಜಿಕೊಂಡಳು. ಕೆಂಪಾಗುವವರೆಗೆ ಉಜ್ಜಿಕೊಂಡಳು. “ದರಿದ್ರ ಮೂಗು. ತಲೆ ಮೇಲೆ ಕೂರಿಸ್ಕೊಂಡು ಮೆರೆಸಿದ್ದೇ ಮೆರೆಸಿದ್ದು. ಆ ಮುದುಕಮ್ಮ ಪ್ರಾರ್ಥನೆ ಮಾಡ್ತಿದ್ರು ಮಾವ. ಬಾಯಿಗೆ ಹೊಗೆ ತುಂಬಿಬಿಟ್ಟೆ.” ಸೊಂಟದಿಂದ ಧೂಪದ ಕೋಣೆಯ ಬೀಗದಕೈ ಬಿಚ್ಚಿ ಗಂಡನ ಕಡೆ ಚಾಚಿದಳು. “ನೀವೇ ಮಾಡಿ ರೀ. ನಾನು ಇನ್ನು ಇದನ್ನ ಮುಟ್ಟಲ್ಲ. ನಿಮ್ಮ ಕೈ ಯಾವತ್ತೂ ತಪ್ಪಿಲ್ಲ.”

“ನಾಳೆ ಹಿರಿಯರಿಗೆ ನಿನ್ನ ಹೆಸರು ಹೇಳ್ತೀನಿ ಕಣೋ,” ಅಂದರು ಅಪ್ಪ. “ಮೂಗು ಇಲ್ಲದಿದ್ದರೂ ಶ್ರದ್ಧೆ ಇದೆ. ನಾನೇ ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ. ಮೊದಲೇ ಕೊಡಬೇಕಿತ್ತು.”

ಬೀಗದಕೈ ಅವನ ಅಂಗೈಯಲ್ಲಿತ್ತು, ಅವಳ ಸೊಂಟದ ಬಿಸಿ ಇನ್ನೂ ಆರಿರಲಿಲ್ಲ. ಬೇಕಾಗಿದ್ದದ್ದೆಲ್ಲ ಬಂದಾಗಿತ್ತು. ಎದುರಿಗೆ ಅವಳು ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟುತ್ತಿದ್ದಳು, ಕಸದ ಗಾಡಿಗೆ ಹಾಕೋಕೆ. ಸವೆದ ಉಗುರಿನ ಬೆರಳು ಗಂಟು ಬಿಗಿಯೋಕೆ ತಡವರಿಸುತ್ತಿದ್ದವು. ಅವನಿಗೆ ತಡೆಯಲಾಗಲಿಲ್ಲ.

“ಎಸೀಬೇಡ. ಅದರಲ್ಲಿ ಏನೂ ತಪ್ಪಿಲ್ಲ. ಕೆಂಡ ನಾನೇ ಕೆಡಿಸಿದ್ದು.”

ಇಬ್ಬರೂ ತಿರುಗಿದರು. ಅಪ್ಪನ ಕಣ್ಣು ಒದ್ದೆಯಾಯಿತು. ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟರು.

“ಹೆಂಡತಿಯ ಮಾನ ಉಳಿಸೋಕೆ ನಿನ್ನ ಕೆಂಡದ ಮೇಲೇ ಸುಳ್ಳು ಹೇಳ್ತೀಯೇನೋ? ಬೇಡ ಮಗನೇ.”

ಮಗನೇ! ‘ಲೋ’ ಹೋಗಿ ‘ಮಗನೇ’ ಬಂತು. ಅವಳೂ ಅಳುಮುಖದಲ್ಲೇ ನಕ್ಕು, “ನನಗೋಸ್ಕರ ಹೀಗೆಲ್ಲ ಹೇಳಬೇಡಿ ರೀ. ನೀವಿಷ್ಟು ಅಂದಿದ್ದೇ ಸಾಕು,” ಅಂದಳು. ಮದುವೆಯಾದಾಗಿನಿಂದ ಅವಳು ಅವನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಅಯ್ಯೋ ದೇವರೇ, ಅಲ್ಲಿಗೇ ಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ನಿಜ ಹೇಳಿಯಾಗಿತ್ತು, ಅವರು ನಂಬಲಿಲ್ಲ, ಅವನ ತಪ್ಪೇನು? ಅವನೂ ಒಂದು ಗಳಿಗೆ ಹಾಗೇ ಅಂದುಕೊಂಡ. ಅಪ್ಪನ ಕೈ ಭುಜದ ಮೇಲೆ ಭಾರವಾಗಿ, ಹಿತವಾಗಿ ಕೂತಿತ್ತು. ಅವಳು ಗಂಟನ್ನೆತ್ತಿ ಬಾಗಿಲ ಕಡೆ ಹೊರಟಳು.

ಅವನು ಅಪ್ಪನ ಕೈ ಸರಿಸಿ ಮೂಲೆಗೆ ಹೋಗಿ ಧೂಪದಾನಿಯ ಮುಚ್ಚಳ ತೆಗೆದ. ಅರ್ಧಕ್ಕೇ ಆರಿದ ಇದ್ದಿಲು ಹಾಗೇ ಕೂತಿತ್ತು. ಒಂದನ್ನೆತ್ತಿ ಮೊಣಕಾಲಿಗೆ ಹಾಕಿ ಮುರಿದ. ಹೊರಗೆ ಕಪ್ಪು, ಒಳಗೆ ಕಂದು ಕಟ್ಟಿಗೆ, ನಾರು ಸಮೇತ.

“ಒಂದು ಎಲ್ಲೋ ತಪ್ಪಿ ಬಂದಿರಬಹುದು,” ಅಂದರು ಅಪ್ಪ. ದನಿ ಮಾತ್ರ ಬದಲಾಗಿತ್ತು.

ಅವನು ಇನ್ನೊಂದು ಮುರಿದ. ಮತ್ತೊಂದು. ಎಲ್ಲ ಮುರಿದು ಅಪ್ಪನ ಕಾಲ ಬಳಿ ಸಾಲಾಗಿ ಇಟ್ಟ. “ಒಂದು ತಪ್ಪಿ ಬರಬಹುದು ಅಪ್ಪಾ. ನನ್ನ ಕೈಯಿಂದ ಎಲ್ಲಾನೂ ತಪ್ಪಿ ಬರುತ್ತಾ? ಬಡಿದು ಬಡಿದು, ಹಸಿ ಇದ್ದದ್ದನ್ನೇ ಆರಿಸಿ ಹಾಕಿದ್ದು.”

“ಯಾಕೋ?”

“ಹೊಟ್ಟೆಕಿಚ್ಚಿಗೆ.”

ಅಪ್ಪ ಒಳ್ಳೇ ರಾಶಿಯಿಂದ ಒಂದು ತುಂಡನ್ನು ತಾವೇ ಒಲೆಯಲ್ಲಿ ಕೆಂಡ ಮಾಡಿ ತಂದರು. ಅವಳ ಗಂಟು ಬಿಚ್ಚಿಸಿ ಒಂದು ಚಿಟಿಕೆ ತೆಗೆದು ಉದುರಿಸಿದರು. ಮಂದಿರದಲ್ಲಿ ಒಂದೇ ಎಳೆ ಎದ್ದು ಸತ್ತಿದ್ದ ಪರಿಮಳ ಈಗ ಇಡೀ ಕೋಣೆಗೆ ಹರಡಿತು, ಎಲ್ಲೂ ಒಡೆಯದೆ, ಕೊನೆಯವರೆಗೆ. ಮೂಗಿಲ್ಲದ ಇದ್ದಿಲಣ್ಣನಿಗೂ ಅದು ಗೊತ್ತಾಯಿತು. ಅಪ್ಪ ಪೂರ್ತಿ ಆರುವವರೆಗೆ ಕಣ್ಣು ಮುಚ್ಚಿ ನಿಂತಿದ್ದು, ಆಮೇಲೆ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು.

“ಎಲ್ಲಿಗೆ ಅಪ್ಪಾ?”

“ಹಿರಿಯರ ಹತ್ತಿರ. ನನ್ನ ಸೊಸೆಯ ಧೂಪದಲ್ಲಿ ಐಬಿರಲಿಲ್ಲ ಅಂತ ಹೇಳಿ ಬರ್ತೀನಿ.”

“ಮತ್ತೆ ಐಬು ಎಲ್ಲಿತ್ತು ಅಂದರೆ?”

ಅಪ್ಪ ಅವನನ್ನು ನೋಡಿದರು. ಮಗನೇ ಅನ್ನಲಿಲ್ಲ, ಲೋ ಅಂತಲೂ ಅನ್ನಲಿಲ್ಲ. ಅಂಗಡಿಯ ಮೆಟ್ಟಿಲಿಳಿದು ಹೋದರು.

ಅವಳು ಅಷ್ಟು ಹೊತ್ತೂ ಗಂಟಿನ ಪಕ್ಕದಲ್ಲೇ ಕೂತಿದ್ದಳು. ಬೈಯಲಿ ಅಂತ ಅವನು ಕಾದ. ಬೇಕರಿಯವನ ಮಗಳಿಗೆ ಬಾಯಿ ಕಮ್ಮಿಯಿರಲಿಲ್ಲ, ಹಾಲು ಉಕ್ಕಿದರೂ ಅರ್ಧ ಗಂಟೆ ಬೈಯುವವಳು. ಅವಳು ಹದವನ್ನು ಡಬ್ಬಿಗೆ ತುಂಬಿ, ಕೈ ಒರೆಸಿಕೊಂಡು, ಮೆಲ್ಲಗೆ ಕೇಳಿದಳು.

“ಬೆಳಿಗ್ಗೆ ಧೂಪದಾನಿ ನನ್ನ ಕೈಗೆ ಕೊಡುವಾಗ ನನ್ನ ಮುಖ ನೋಡಿದ್ರಾ?”

“ಹೂಂ.”

“ನೋಡ್ಕೊಂಡೇ ಕೊಟ್ರಿ.”

ಅವನು ಬೀಗದಕೈಯನ್ನು ಅವಳ ಮುಂದೆ ನೆಲದ ಮೇಲಿಟ್ಟ. ಅವಳು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದ್ದು ನೇರ ಹಿಂದಿನ ಎರಡನೇ ಕೋಣೆಗೆ ಹೋದಳು. ಅವನು ಬಾಗಿಲವರೆಗೆ ಹೋಗಿ ನಿಂತ.

“ಏನು ಮಾಡ್ತಿದೀಯ?”

“ನಾಳೆಯಿಂದ ಕೆಂಡಾನೂ ನಾನೇ ಮಾಡ್ಕೋತೀನಿ,” ಅಂದಳು, ತಿರುಗದೆ.

ಅವನು ಕೂರುತ್ತಿದ್ದ ಮಣೆಯ ಮೇಲೆ ಕೂತು ಸರಳು ಕೈಗೆತ್ತಿಕೊಂಡಳು. ರಾಶಿಯಿಂದ ಒಂದು ತುಂಡು ತೆಗೆದು ಬಡಿದು, ತಲೆ ಓರೆ ಮಾಡಿ ಕೇಳಿ, ಬಲಕ್ಕಿಟ್ಟಳು. ಇನ್ನೊಂದು ಬಡಿದು ಎಡಕ್ಕೆ ಎಸೆದಳು. ಮತ್ತೊಂದು ಬಲಕ್ಕೆ. ತಪ್ಪುತ್ತಾಳೆ, ಈಗ ತಪ್ಪುತ್ತಾಳೆ, ಆಗ ತಾನು ಹೋಗಿ ಹೇಳಿಕೊಡಬಹುದು ಅಂತ ಇದ್ದಿಲಣ್ಣ ಬಾಗಿಲಿಗೆ ಒರಗಿ ಒಂದೊಂದು ಸದ್ದಿಗೂ ಕಿವಿಗೊಟ್ಟು ಕಾದ. ರಾಶಿ ಮುಗಿಯಿತು. ಒಂದೂ ತಪ್ಪಲಿಲ್ಲ.